ಉಪ್ಪಿಲ್ಲದ ಬೆರಳು

ನಮ್ಮ ಊರಿನಲ್ಲಿ ಭಯವಿಲ್ಲದವರು ನೆಲದ ಮೇಲೆ ನಿಲ್ಲುವುದಿಲ್ಲ. ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಕಾಲಿನಿಂದ ಚಪ್ಪಲಿ ಜಾರುತ್ತದೆ, ಅದಾದ ಮೇಲೆ ಮನೆಯವರು ಕಿಟಕಿ ಮುಚ್ಚಲು ಓಡುತ್ತಾರೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ಇಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಕ್ಕೂ ಮೊದಲು, ಹಲ್ಲಿ ಕಂಡರೆ ಕಿರುಚುತ್ತಾಳೆಯೇ ಎಂದು ಕೇಳುತ್ತಾರೆ. ಕಿರುಚುತ್ತಾಳೆ ಎಂದರೆ ಸಂಬಂಧ ಅರ್ಧ ಕುದುರಿದ ಹಾಗೆ.

ಶನಿವಾರ ಸಂಜೆಯಾದರೆ ಪ್ರತಿ ಮನೆಯಲ್ಲೂ ಕಿಟಕಿಗೆ ಪರದೆ ಎಳೆದು ಟಿ.ವಿ.ಯಲ್ಲಿ ದೆವ್ವದ ಸಿನಿಮಾ ಹಾಕುತ್ತಾರೆ. ಡಿಸ್ಕುಗಳನ್ನು ಬಾಡಿಗೆಗೆ ಕೊಡುವವರು ಮಕಬೂಲ್ ಸಾಬರು. ಅವರು ಸಿನಿಮಾದ ಕಥೆ ಹೇಳುವುದಿಲ್ಲ, ತೂಕ ಹೇಳುತ್ತಾರೆ. "ಇದು ಹಗುರದ ಪಿಕ್ಚರ್, ಮಕ್ಕಳಿಗೆ ಸಾಕು. ಇದು ನೋಡಿ, ಭಾರದ್ದು, ಮುಂದಿನ ಶನಿವಾರದವರೆಗೂ ಹಿಡ್ಕೊಳ್ತದೆ." ಸಿನಿಮಾದ ಜೊತೆಗೆ ತಿಂಡಿ. ಕಣ್ಣು ಹೆದರುವಾಗ ಬಾಯಿಯೂ ಹೆದರಬೇಕು ಎಂಬುದು ನಮ್ಮ ಪದ್ಧತಿ, ಹಾಗಾಗಿ ಆ ತಿಂಡಿಯೂ ನೋಡಲು ಭಯಂಕರವಾಗಿರಬೇಕು. ಕಷ್ಟದ ಕೆಲಸವೇನಲ್ಲ. ಪಡ್ಡಿನ ನೆತ್ತಿಗೆ ಒಂದು ಕಪ್ಪು ದ್ರಾಕ್ಷಿ ಒತ್ತಿದರೆ ಕಿತ್ತ ಕಣ್ಣುಗುಡ್ಡೆಯಾಗುತ್ತದೆ. ಇಡ್ಲಿ ಹಿಟ್ಟನ್ನು ಉದ್ದ ಲೋಟದಲ್ಲಿ ಬೇಯಿಸಿ ಎರಡು ಲವಂಗ ಚುಚ್ಚಿದರೆ ಬಿಳಿ ಸೀರೆಯ ಮೋಹಿನಿ. ಉದ್ದ ಮೆಣಸಿನಕಾಯಿಗೆ ಮೈದಾ ಹಿಟ್ಟಿನ ಪಟ್ಟಿ ಸುತ್ತಿ ಕರಿದರೆ ಬಟ್ಟೆ ಸುತ್ತಿದ ಹೆಣ. ಕೋಡುಬಳೆಯನ್ನು ಬಳೆ ಮಾಡದೆ ನೆಟ್ಟಗೆ ಬಿಟ್ಟು ತುದಿಗೆ ಅರ್ಧ ಬಾದಾಮಿ ಅಂಟಿಸಿದರೆ ಉಗುರಿರುವ ಬೆರಳು. ಕುಡಿಯಲು ಬೀಟ್‌ರೂಟ್ ಪಾನಕ ಇದ್ದೇ ಇರುತ್ತದೆ, ಅದರ ಹೆಸರನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಇಷ್ಟೂ ಬೇಕಾಗಿರಲಿಲ್ಲ. ನಮ್ಮವರು, ಅಂದರೆ ನನ್ನ ಗಂಡ, ಹುಟ್ಟಾ ಅಂಜುಬುರುಕರು. ಜಿರಲೆ, ಗುಡುಗು, ಮೇಲಧಿಕಾರಿ, ಬಾಗಿಲ ಬಳಿ ನಿಂತ ಅಪರಿಚಿತ ಬೆಕ್ಕು, ಎಲ್ಲದಕ್ಕೂ ಹೆದರುತ್ತಾರೆ. ಭಯ ಹೆಚ್ಚಿದಷ್ಟೂ ಭಾರ, ಅವರು ಕೂತ ಕುರ್ಚಿ ವರ್ಷ ತಾಳುವುದಿಲ್ಲ. ನನಗೂ ಸಾಕಷ್ಟು ಭಯವಿದೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ, ಇನ್ಸ್‌ಪೆಕ್ಟರು ಬರುತ್ತಾರೆಂದರೆ ನನ್ನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಕಷ್ಟ ಬಂದದ್ದು ನನ್ನ ಅಕ್ಕ ದಾಕ್ಷಾಯಣಿಯಿಂದ.

ಅಕ್ಕ ಮದುವೆ ಅಡುಗೆಯವಳು. ಊರಿನಲ್ಲಿ ಯಾರ ಮನೆಯಲ್ಲಿ ಚಪ್ಪರ ಎದ್ದರೂ ಹಿಂಭಾಗದ ಒಲೆಯ ಮುಂದೆ ಅವಳು, ತರಕಾರಿ ಮತ್ತು ಸಾಮಾನಿನ ಓಡಾಟಕ್ಕೆ ನನ್ನ ಭಾವ. ಕಡ್ಡಿಯಂಥ ಹೆಂಗಸು, ಆದರೆ ಅವಳು ಉಗ್ರಾಣದಲ್ಲಿ ನಡೆದರೆ ತಟ್ಟೆಗಳು ಗಲಗಲ ಅಲುಗುತ್ತಿದ್ದವು. ಊರಿಗೆಲ್ಲ ಅತಿ ಭಾರದವಳು ಎಂದು ಅವಳನ್ನೇ ತೋರಿಸುತ್ತಿದ್ದರು. ದೆವ್ವದ ಸಿನಿಮಾವನ್ನು ಅವಳು ಒಂದನ್ನೂ ಪೂರ್ತಿ ನೋಡಿದವಳಲ್ಲ, ಮತ್ತೆ ಆ ಭಾರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ದಡ್ಡಿ.

ಭಾವ ತೀರಿಕೊಂಡ ಮೇಲೆ ಅಕ್ಕ ಸೌಟು ಕೆಳಗಿಟ್ಟಳು. ಕೊಪ್ಪರಿಗೆ, ಹಂಡೆಗಳನ್ನು ತನ್ನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸರಿಗೆ ಹಂಚಿದಳು. ನಾನು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಬಂದ ತಿಂಗಳೊಳಗೆ ಅವಳ ಹಿಮ್ಮಡಿ ಎದ್ದಿತು. ಯುಗಾದಿಯ ಹೊತ್ತಿಗೆ ನಿಂತಲ್ಲೇ ಮೇಲಿನ ಅಟ್ಟದ ಡಬ್ಬಿಗೆ ಕೈ ಎಟುಕುತ್ತಿತ್ತು. "ನೋಡೇ ಕಾತಿ, ಸ್ಟೂಲ್ ಬೇಡವೇ ಬೇಡ," ಎಂದು ನಗುತ್ತಿದ್ದಳು. ನನ್ನ ಹೆಸರು ಕಾತ್ಯಾಯಿನಿ. ಅದನ್ನು ಪೂರ್ತಿ ಹೇಳುವಷ್ಟು ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ಅಕ್ಕ ಹಗಲೆಲ್ಲ ನಡುಮನೆಯ ತೊಲೆಯ ಹತ್ತಿರ ಇರತೊಡಗಿದಳು. ನಾವು ಫ್ಯಾನು ಹಾಕುವುದನ್ನು ಬಿಟ್ಟೆವು. ನಮ್ಮವರು ಬೆವರು ಒರೆಸಿಕೊಳ್ಳುತ್ತಾ, "ಅಕ್ಕ, ಸೊಂಟಕ್ಕೊಂದು ಹಗ್ಗ ಕಟ್ಕೊಂಡ್ರೆ ನಮಗೂ ಧೈರ್ಯ," ಎಂದರು. "ಗೂಟಕ್ಕೆ ಕಟ್ಟೋಕೆ ನಾನೇನು ಎಮ್ಮೆನಾ?" ಎಂದಳು ಅಕ್ಕ. ಮಡಿಲಲ್ಲಿ ರುಬ್ಬುವ ಗುಂಡು ಇಟ್ಟುಕೊಳ್ಳುವುದು ನಮ್ಮಲ್ಲಿ ವಯಸ್ಸಾದವರ ರೂಢಿ. ಅಕ್ಕ ಅದನ್ನೂ ಒಂದು ದಿನ ಇಟ್ಟುಕೊಂಡು ಮಾರನೆಯ ದಿನ ತೆಗೆದಿಟ್ಟಳು. "ಭಾರ ಹೊತ್ತಿದ್ದು ಸಾಕು ಕಣೆ."

ಎದುರಿಗೆ ಆಷಾಢವಿತ್ತು. ಆಷಾಢದ ಗಾಳಿ ನಮ್ಮ ಊರಿಗೆ ಬಂದರೆ ಹೆಂಚು ಹಾರುತ್ತದೆ, ಹೆಂಚಿನ ಜೊತೆಗೆ ಹಗುರಾದವರೂ ಹೋಗುತ್ತಾರೆ. ಹಿಂದಿನ ವರ್ಷ ಗರಡಿಮನೆಯ ಉಸ್ತಾದರು ಬಾಗಿಲು ತೆರೆದು ಪೇಪರ್ ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ಹೋದರು. ಹಳ್ಳದ ಜಾಲಿಗೆ ಸಿಕ್ಕಿಕೊಂಡಿದ್ದ ಅವರ ಟವಲು ಮಾತ್ರ ಮನೆಗೆ ಬಂತು. ಅದನ್ನು ನೆನಪಿಸಿದರೆ ಅಕ್ಕ ತೊಲೆಗೆ ಬೆನ್ನು ಕೊಟ್ಟು, "ಹೋದ್ರೆ ಹೋಗ್ತೀನಿ ಬಿಡೆ. ಮೇಲಿಂದ ಊರು ಹೆಂಗೆ ಕಾಣುತ್ತೋ ನೋಡಿದಂಗಾಯ್ತು. ನಂಗೆ ಇಲ್ಲಿ ಇನ್ನೇನಿದೆ ಹೇಳು," ಎಂದಳು. ಅವಳು ಅದನ್ನು ದುಃಖದಿಂದ ಹೇಳಲಿಲ್ಲ, ಸಾರಿಗೆ ಇಂಗು ಇಲ್ಲ ಅನ್ನುವ ಹಾಗೆ ಹೇಳಿದಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು ಇವಳು. ನನಗಿರುವುದು ಒಬ್ಬಳೇ ಅಕ್ಕ. ಅವಳು ಹೋಗುತ್ತೇನೆ ಅಂದ ಮಾತ್ರಕ್ಕೆ ಕಳಿಸಿಕೊಡುವವಳು ನಾನಲ್ಲ. ಆಷಾಢ ಕಾಲಿಡುವುದರೊಳಗೆ ಇವಳನ್ನು ಹೆದರಿಸಿಯೇ ತೀರುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ಮಕಬೂಲ್ ಸಾಬರಿಂದ ಇದ್ದುದರಲ್ಲಿ ಅತಿ ಭಾರದ ಸಿನಿಮಾ ತಂದೆ. ಅದನ್ನು ನೋಡಿ ನಮ್ಮವರ ಮಂಚದ ಕಾಲು ಮುರಿಯಿತು. ಅಕ್ಕ ಮೇಲಿನಿಂದ ನೋಡುತ್ತಾ, "ಆ ದೆವ್ವಕ್ಕೆ ಯಾರೂ ಸೆರಗು ಸಿಗಿಸೋದು ಹೇಳಿಕೊಟ್ಟಿಲ್ಲ, ಪಾಪ," ಎಂದಳು. ಇನ್ನೊಂದು ದಿನ ನಮ್ಮವರಿಗೆ ಬಿಳಿ ದುಪ್ಪಟಿ ಹೊದಿಸಿ ಬಚ್ಚಲ ಬಾಗಿಲಲ್ಲಿ ನಿಲ್ಲಿಸಿದೆ. ಅವರು ಕನ್ನಡಿಯಲ್ಲಿ ತಮ್ಮನ್ನೇ ಕಂಡು ಕೂಗಿಕೊಂಡು ಬಚ್ಚಲ ಹಾಸುಗಲ್ಲನ್ನು ಸೀಳಿದರು. ಅಕ್ಕ ಕೆಳಗೆ ಕೈ ಚಾಚಿ ಅವರ ತಲೆ ಸವರಿ ಸಮಾಧಾನ ಮಾಡಿದಳು. ಪ್ರತಿ ಸೋಲಿಗೂ ಅವಳು ಇನ್ನಷ್ಟು ಹಗುರವಾಗುತ್ತಿದ್ದಳು, ನಗು ಬೇರೆ.

ಆಗ ಹೊಳೆಯಿತು. ಒಬ್ಬರ ಕಿರುಚಾಟ ಇನ್ನೊಬ್ಬರಿಗೆ ಅಂಟುತ್ತದೆ, ಇದು ನಮ್ಮ ಊರಿನಲ್ಲಿ ಮಕ್ಕಳಿಗೂ ಗೊತ್ತು. ಮನೆ ತುಂಬ ಕಿರುಚುವವರನ್ನು ಕೂರಿಸಬೇಕು. ನಮ್ಮ ಬೀದಿಯಲ್ಲಿ ಕಿರುಚುವುದೆಂದರೆ ಪಂಕಜಾಕ್ಷಿ. ಪಕ್ಕದ ಮನೆಯವಳು, ಗಂಟಲು ಎತ್ತಿದರೆ ಮೂರು ಮನೆಯವರ ಕಾಲು ಒಟ್ಟಿಗೆ ನೆಲ ಮುಟ್ಟುತ್ತದೆ. ಅವಳ ಮನೆಯವರೂ ಅವಳಿಗೆ ತಕ್ಕ ಹಾಗೆಯೇ ಇದ್ದಾರೆ. ಶನಿವಾರ ನಮ್ಮ ಮನೆಗೆ ಸಿನಿಮಾಕ್ಕೆ ಬನ್ನಿ ಎಂದು ಕರೆದೆ.

"ತಿಂಡಿ ಯಾರು ಮಾಡೋದು?" ಎಂದಳು ಪಂಕಜಾಕ್ಷಿ, ಮುಖ ಸಣ್ಣಗೆ ಮಾಡಿಕೊಂಡು.

ಅವಳದೇನೂ ತಪ್ಪಿಲ್ಲ. ನನ್ನ ಅಡುಗೆಯ ಕೀರ್ತಿ ಬೀದಿಗೆಲ್ಲ ಗೊತ್ತು. ನಾನು ಮಾಡಿದ ಹುಳಿಯನ್ನು ನಮ್ಮವರು ತಿನ್ನುವುದೂ ಭಯದಿಂದಲೇ. "ಅಕ್ಕ ಮಾಡ್ತಾಳೆ," ಎಂದುಬಿಟ್ಟೆ. ಪಂಕಜಾಕ್ಷಿಯ ಮುಖ ಅರಳಿತು. "ದಾಕ್ಷಾಯಣಕ್ಕ ಮತ್ತೆ ಸೌಟು ಹಿಡಿದ್ರಾ? ಹಾಗಿದ್ರೆ ನಮ್ಮ ಅತ್ತೆ, ನಾದಿನಿ, ಎಲ್ಲಾರ್ನೂ ಕರ್ಕೊಂಡ್ ಬರ್ತೀನಿ ಬಿಡಿ." ಅಕ್ಕನಿಗೆ ಈ ವಿಷಯ ನಾನು ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ, ಬೇಡ ಅನ್ನಿಸಿಕೊಂಡು ಕೂರಲು ನನಗೆ ಸಮಯವಿರಲಿಲ್ಲ. ಬೀದಿಯ ಹೊಂಗೆ ಮರ ಆಗಲೇ ಗಾಳಿಗೆ ತೂಗತೊಡಗಿತ್ತು.

ಶನಿವಾರ ಬೆಳಗಿನಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡು ದುಡಿದೆ. ನಾನು ಚಿತ್ರಕಲೆಯವಳು, ರೂಪ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ. ನನ್ನ ಪಡ್ಡಿನ ಕಣ್ಣುಗಳಿಗೆ ಬೀಟ್‌ರೂಟ್ ರಸದ ಕೆಂಪು ನರಗಳಿದ್ದವು. ನನ್ನ ಬೆರಳುಗಳಿಗೆ ಗಿಣ್ಣುಗಳ ಮೇಲಿನ ಸುಕ್ಕು ಸಹ ಇತ್ತು, ಒಂದಕ್ಕೆ ಉಂಗುರದ ಗುರುತು ಕೂಡ. ಲೋಟದ ಇಡ್ಲಿಯ ಮೋಹಿನಿಯರು ಬಾಯಿ ತೆರೆದುಕೊಂಡು ಸಾಲಾಗಿ ನಿಂತರು. ರುಚಿ ನೋಡುವುದು ನೆನಪಾಗಲಿಲ್ಲ. ನೆನಪಾಗಿದ್ದರೂ ನೋಡುತ್ತಿರಲಿಲ್ಲವೇನೋ, ಅವು ಅಷ್ಟು ಚೆನ್ನಾಗಿ ಕಾಣುತ್ತಿದ್ದವು.

ಸಂಜೆಗೆ ಪಂಕಜಾಕ್ಷಿಯ ದಂಡು ಬಂತು. ಪರದೆ ಎಳೆದು ಸಿನಿಮಾ ಹಾಕಿದೆವು. ಮೊದಲ ಬಾಗಿಲು ಕಿರ್ರೆಂದಾಗಲೇ ಪಂಕಜಾಕ್ಷಿ ಗಂಟಲು ತೆರೆದಳು, ಅವಳ ಅತ್ತೆ ಸೇರಿಕೊಂಡರು, ನಾದಿನಿ ಸೇರಿಕೊಂಡಳು. ಚಾಪೆಯ ಕೆಳಗೆ ನೆಲ ಲಟಲಟ ಅನ್ನುವುದು ಕೇಳಿಸುತ್ತಿತ್ತು. ನಮ್ಮವರು ಗೋಡೆಗೆ ಒರಗಿಕೊಂಡು ಕಣ್ಣು ಮುಚ್ಚಿ ಸಿನಿಮಾ ನೋಡುತ್ತಿದ್ದರು. ನಾನು ಸಿನಿಮಾ ನೋಡಲಿಲ್ಲ, ಅಕ್ಕನ ಪಾದಗಳನ್ನೇ ನೋಡುತ್ತಾ ಕೂತೆ. ಅವು ಟಿ.ವಿ.ಯ ಬೆಳಕಿನಲ್ಲಿ ಒಣಗಲು ಹಾಕಿದ ಬಟ್ಟೆಯ ಹಾಗೆ ಮೆಲ್ಲಗೆ ಅಲುಗುತ್ತಿದ್ದವು, ಕೂದಲೆಳೆಯಷ್ಟೂ ಕೆಳಗೆ ಬರಲಿಲ್ಲ.

ತಟ್ಟೆಗಳನ್ನು ತಂದಿಟ್ಟೆ. ಕಣ್ಣುಗಳನ್ನು ಕಂಡು ಪಂಕಜಾಕ್ಷಿಯ ಅತ್ತೆ ಕೂತಲ್ಲೇ ಇನ್ನೊಂದು ಇಂಚು ಇಳಿದರು. ಬೆರಳುಗಳನ್ನು ಕಂಡು ನಾದಿನಿ ತನ್ನ ಕೈಬೆರಳು ಎಣಿಸಿಕೊಂಡಳು. ಅಕ್ಕ ಮೇಲಿನಿಂದ ಬಗ್ಗಿ ನೋಡಿ ಮನಸಾರೆ ಮೆಚ್ಚಿದಳು. "ಎಷ್ಟು ಚೆನ್ನಾಗಿ ಮಾಡಿದೀಯೇ ಕಾತಿ. ಉಗುರು ನೋಡು, ಥೇಟು ನಮ್ಮ ಪದ್ದತ್ತೆ ಉಗುರು." ಹಾಗೆ ನಗುತ್ತಾ ಅವಳು ಇನ್ನೂ ಮೇಲಕ್ಕೆ ಹೋದಳು, ತಲೆ ಹೆಂಚಿಗೆ ತಗುಲಿತು. ಹೊರಗೆ ಗಾಳಿ ಒಮ್ಮೆ ಬೀಸಿ ಬಾಗಿಲು ಅಲ್ಲಾಡಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಅನ್ನಿಸಿತು.

ಆಗ ಪಂಕಜಾಕ್ಷಿ ಒಂದು ಬೆರಳನ್ನು ಬಾಯಿಗಿಟ್ಟು ಕಚ್ಚಿದಳು. ಕಟ್ ಎಂದು ಸದ್ದಾಯಿತು. ಮುರಿದದ್ದು ಬೆರಳೋ ಹಲ್ಲೋ ತಕ್ಷಣ ತಿಳಿಯಲಿಲ್ಲ. ಅವಳು ಅದನ್ನು ದವಡೆಯ ಆ ಕಡೆಗೆ ಹಾಕಿದಳು, ಈ ಕಡೆಗೆ ಹಾಕಿದಳು, ಕೊನೆಗೆ ಪಾನಕ ಕುಡಿದು ನುಂಗಿದಳು. ಅವಳ ಅತ್ತೆ ಮೋಹಿನಿಯ ತಲೆಯನ್ನು ಕಚ್ಚಿ, ಕಣ್ಣು ಕಿವುಚಿಕೊಂಡು ಹಾಗೆಯೇ ತಟ್ಟೆಗೆ ಇಟ್ಟರು. ಸಿನಿಮಾದಲ್ಲಿ ಯಾರೋ ಸಾಯುತ್ತಿದ್ದರು, ಕಿರುಚಲು ಯಾರೂ ಇರಲಿಲ್ಲ.

ಪಂಕಜಾಕ್ಷಿ ಮೇಲೆ ನೋಡಿ ತುಂಬ ಮರ್ಯಾದೆಯಿಂದ ಹೇಳಿದಳು, "ಪರವಾಗಿಲ್ಲ ಬಿಡಿ ದಾಕ್ಷಾಯಣಕ್ಕ. ಕೈ ಬಿಟ್ಟು ವರ್ಷ ಆಯ್ತಲ್ಲ. ಎಲ್ಲಾರಿಗೂ ಆಗೋದೇ."

"ಏನಾಗೋದು?" ಎಂದಳು ಅಕ್ಕ.

"ಅದೇ, ಕೋಡುಬಳೆಗೆ ಉಪ್ಪು ಮರೆತಿದೀರಿ, ಇಡ್ಲಿಗೆ ಎರಡು ಸಲ ಹಾಕಿದೀರಿ. ನಮ್ಮ ಮನೆ ಮದುವೇಲಿ ನೀವು ಮಾಡಿದ ಕೋಡುಬಳೇನ ಬೀಗರು ಇವತ್ತಿಗೂ ನೆನೆಸ್ಕೋತಾರೆ. ಅವರಿಗೆ ನಾನೇನೂ ಹೇಳೋಕೆ ಹೋಗಲ್ಲ ಬಿಡಿ."

ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ, ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಮುಖದ ಬಣ್ಣ ಇಳಿಯಿತು. ಮುಖದ ಹಿಂದೆಯೇ ಅವಳೂ ಇಳಿದಳು, ಮೊದಲು ತೊಲೆಯಿಂದ ಕಿಟಕಿಯ ಮಟ್ಟಕ್ಕೆ, ಅಲ್ಲಿಂದ ಟಿ.ವಿ.ಯ ಮಟ್ಟಕ್ಕೆ. ಕೈ ಚಾಚಿ ತಟ್ಟೆಯಿಂದ ಒಂದು ಬೆರಳು ಎತ್ತಿಕೊಂಡು ಕಚ್ಚಿದಳು. "ಹಿಟ್ಟಿಗೆ ಕಾದ ಎಣ್ಣೆ ಹಾಕಲಿಲ್ವೇನೆ?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. "ಎಷ್ಟು ಜನ ಬಂದಿದಾರೆ? ಅಯ್ಯೋ, ಇಷ್ಟು ಜನ. ಹಿಟ್ಟಿದೆಯಾ? ಎಣ್ಣೆ ಇದೆಯಾ? ಕೊನೇ ಪಂಕ್ತೀಗೆ ಸಾಲುತ್ತೇನೆ?" ನಮ್ಮ ನಡುಮನೆಯಲ್ಲಿ ಪಂಕ್ತಿಯೂ ಇರಲಿಲ್ಲ, ಎಲೆಯೂ ಇರಲಿಲ್ಲ. ಆದರೆ ಅಕ್ಕನ ಕಣ್ಣಿಗೆ ಏನು ಕಾಣುತ್ತಿತ್ತೋ, ಧಡ್ ಎಂದು ಎರಡೂ ಪಾದ ನೆಲಕ್ಕೆ ಬಿದ್ದವು. ಸಿಮೆಂಟು ಬಿರುಕು ಬಿಟ್ಟಿತು. ಶೋಕೇಸಿನ ಲೋಟಗಳು ಗಲಗಲ ಅಂದವು.

ಆ ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಮದುವೆ ಮನೆಯ ಉಗ್ರಾಣದಲ್ಲಿ ತಟ್ಟೆಗಳು ಅಲುಗುತ್ತಿದ್ದುದು ಇದೇ ಭಯಕ್ಕೆ. ಬಂದವರು ಅರ್ಧ ಹೊಟ್ಟೆಯಲ್ಲಿ ಏಳಬಾರದು, ರುಚಿ ಕೆಡಬಾರದು, ಕೊನೆಯ ಪಂಕ್ತಿಯಲ್ಲಿ ಕೂತವನ ಎಲೆಗೂ ಸಾರು ಮುಟ್ಟಬೇಕು. ಇಷ್ಟು ವರ್ಷ ಅವಳನ್ನು ನೆಲದ ಮೇಲೆ ಇಟ್ಟದ್ದು ಅದೊಂದೇ. ಸೌಟು ಕೆಳಗಿಟ್ಟ ದಿನ ಆ ಭಯವೂ ಹೋಗಿತ್ತು, ಅದು ತಿಳಿಯದೆ ನಾನು ಅವಳಿಗೆ ಬಿಳಿ ದುಪ್ಪಟಿ ಹೊದ್ದ ಗಂಡನನ್ನು ತೋರಿಸುತ್ತಿದ್ದೆ.

ಅಕ್ಕ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದಳು. ಸಿನಿಮಾ ಅರ್ಧವಾಗುವಷ್ಟರಲ್ಲಿ ಬಿಸಿ ಬಿಸಿ ಪಡ್ಡಿನ ಕಣ್ಣುಗಳು ಬಂದವು, ಗರಿಗರಿ ಬೆರಳುಗಳು ಬಂದವು. ನನ್ನ ಕಣ್ಣುಗಳಿಗಿದ್ದ ನರಗಳು ಅವಳವಕ್ಕೆ ಇರಲಿಲ್ಲ, ಒಂದೆರಡು ದ್ರಾಕ್ಷಿ ಪಕ್ಕಕ್ಕೆ ಜಾರಿ ಕಣ್ಣು ಮೆಳ್ಳಗಣ್ಣಾಗಿತ್ತು. ಯಾರಿಗೂ ಅದರ ಚಿಂತೆಯಿರಲಿಲ್ಲ. ಪಂಕಜಾಕ್ಷಿಯ ಅತ್ತೆ ಬಾಯಿ ತುಂಬಿಕೊಂಡೇ ಕಿರುಚಿದರು. ಅಕ್ಕ ಮಾತ್ರ ಒಂದು ತುತ್ತನ್ನೂ ತಿನ್ನದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಯಾರ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾ ನಿಂತಿದ್ದಳು. ನಿಂತಿದ್ದಳು, ನೆಲದ ಮೇಲೆ. ನನಗೆ ಅವಳ ಕಾಲು ಹಿಡಿದುಕೊಂಡು ಅಳಬೇಕು ಅನ್ನಿಸಿತು, ಆದರೆ ಅವಳಾಗಲೇ ಇನ್ನೊಂದು ಸುತ್ತಿಗೆ ಹಿಟ್ಟು ಕಲಸಲು ಕರೆಯುತ್ತಿದ್ದಳು.

ಅವತ್ತಿನಿಂದ ಪ್ರತಿ ಶನಿವಾರ ನಮ್ಮ ಮನೆಯಲ್ಲಿ ಜನ. ಕರೆಯುವುದು ಅಕ್ಕನ ಹೆಸರಿನಲ್ಲಿ, ಮೊದಲ ತಟ್ಟೆ ಮಾಡುವುದು ನಾನು, ಕೆಡಿಸುವುದು ಖಂಡಿತ. ಅಕ್ಕ ಎದೆ ಒಡೆದುಕೊಂಡು ಓಡಿ ಬರುತ್ತಾಳೆ. ಇದರಿಂದ ಬೇರೊಂದು ತಾಪತ್ರಯ ಶುರುವಾಯಿತು. ಹೀಗೆ ಮಾನ ಹೋಗುವುದನ್ನು ಸಹಿಸಲಾರದೆ ಅಕ್ಕ ನನಗೆ ಅಡುಗೆ ಕಲಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಳು. ಅವಳ ಹಟ ಸಾಮಾನ್ಯದ್ದಲ್ಲ. ಬೆಳಗಾದರೆ ನನ್ನ ಕೈಗೆ ಸೌಟು ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದಳು. ನಾನು ಕಲಿಯಲೇಬಾರದು ಎಂದು ಹಟ ಹಿಡಿದೆ. ನಾವಿಬ್ಬರೂ ಒಂದೇ ಅಮ್ಮನ ಮಕ್ಕಳು.

ಆದರೆ ಕೈ ನಮ್ಮ ಮಾತು ಕೇಳುವುದಿಲ್ಲ. ಆಷಾಢದ ನಡುವೆ ಒಂದು ಶನಿವಾರ, ಹೊರಗೆ ಗಾಳಿ ಹೆಂಚುಗಳನ್ನು ಎತ್ತಿ ಎತ್ತಿ ಇಡುತ್ತಿತ್ತು. ಕರಿಬೇವು ತರಲು ಅಕ್ಕ ಹಿತ್ತಲ ಬಾಗಿಲು ತೆರೆದಿದ್ದಳು. ಹೊರಡುವ ಮುಂಚೆ ನನ್ನ ಕಾವಲಿಯಿಂದ ಒಂದು ಪಡ್ಡು ಎತ್ತಿ ಬಾಯಿಗೆ ಹಾಕಿಕೊಂಡಳು. ಬೈಗುಳಕ್ಕೆ ಕಾದೆ. ಬರಲಿಲ್ಲ. ಅವಳು ಇನ್ನೊಂದನ್ನು ತಿಂದಳು.

"ಕಾತಿ," ಎಂದಳು ಮೆತ್ತಗೆ, "ಬಂತು ಕಣೆ ನಿಂಗೆ. ಉಪ್ಪು ಸರಿಯಾಗಿದೆ, ಹದವಾಗಿ ಬೆಂದಿದೆ. ಇನ್ನು ನಾನಿಲ್ದಿದ್ರೂ ಈ ಮನೆಗೆ ಬಂದೋರು ಹೊಟ್ಟೆ ತುಂಬಿಸ್ಕೊಂಡು ಹೋಗ್ತಾರೆ." ಅವಳ ಮುಖ ಎಷ್ಟು ನಿರಾಳವಾಗಿತ್ತು ಎಂದರೆ ಭಾವ ಇದ್ದಾಗಲೂ ನಾನು ಅದನ್ನು ಹಾಗೆ ಕಂಡಿರಲಿಲ್ಲ. ಕೆಳಗೆ ನೋಡಿದೆ. ಹಿಮ್ಮಡಿ ಎದ್ದಿತ್ತು. ಅವಳ ಹಿಂದೆ ಬಾಗಿಲು ಪೂರ್ತಿ ತೆರೆದಿತ್ತು, ಸೆರಗು ಆಗಲೇ ಹೊರಗೆ ಹಾರುತ್ತಿತ್ತು.

ನಾನು ಬಾಗಿಲಿಗೆ ಓಡಲಿಲ್ಲ. ಉಪ್ಪಿನ ಡಬ್ಬಿ ತೆಗೆದು ಚಟ್ನಿಯ ಪಾತ್ರೆಗೆ ಪೂರ್ತಿ ಮಗುಚಿದೆ. ಸಾಲದು ಅನ್ನಿಸಿ ಉಳಿದ ಪಡ್ಡಿನ ಹಿಟ್ಟಿಗೆ ಒಂದು ಲೋಟ ಬೀಟ್‌ರೂಟ್ ಪಾನಕ ಸುರಿದೆ. ನಡುಮನೆಯಿಂದ ಪಂಕಜಾಕ್ಷಿ, "ತಿಂಡಿ ಆಯ್ತಾ ದಾಕ್ಷಾಯಣಕ್ಕ, ಬೀಗರೂ ಬಂದಿದಾರೆ," ಎಂದು ಕೂಗಿದಳು. ಅವಳ ಗಂಟಲಿಗೆ ಅವತ್ತು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಕ್ಕ ಚಟ್ನಿ ನೋಡಿದಳು, ಹಿಟ್ಟು ನೋಡಿದಳು, ನನ್ನ ಮುಖ ನೋಡಿದಳು. ಧಡ್ ಎಂದು ನೆಲಕ್ಕೆ ಬಂದಳು. ಆ ಗಾಳಿಯಲ್ಲಿ ದಪದಪ ಹೆಜ್ಜೆ ಹಾಕುತ್ತಾ ಹಿತ್ತಲಿಗೆ ಹೋಗಿ, ಕರಿಬೇವಿನ ಟೊಂಗೆಯನ್ನೇ ಮುರಿದುಕೊಂಡು, ಹಾಗೆಯೇ ದಪದಪ ವಾಪಸು ಬಂದು ಬಾಗಿಲು ಹಾಕಿದಳು. ಅವಳ ಕೂದಲು ಕೆದರಿತ್ತು.

"ಈ ಜನ್ಮಕ್ಕೆ ನಿಂಗೆ ಅಡುಗೆ ಬರಲ್ಲ ಕಣೆ," ಎಂದಳು.

"ಬರಲ್ಲ ಅಕ್ಕ," ಎಂದೆ.

ಬರುತ್ತದೆ. ಈಗ ಚೆನ್ನಾಗಿಯೇ ಬರುತ್ತದೆ. ಎಲ್ಲಿ ಒಂದು ದಿನ ಮೈಮರೆತು ರುಚಿಯಾಗಿ ಮಾಡಿಬಿಡುತ್ತೇನೋ ಎಂಬ ಹೆದರಿಕೆಯಲ್ಲಿ ನನಗೆ ಬೇರೆ ಯಾವ ಸಿನಿಮಾವೂ ಬೇಕಾಗಿಲ್ಲ. ನಾನು ನಡೆದರೂ ಈಗ ಶೋಕೇಸಿನ ಲೋಟಗಳು ಗಲಗಲ ಅನ್ನುತ್ತವೆ.